ಮನಿ, ನೌಕರಿ ಮತ್ತು ಕಾದಂಬರಿಯ ಲೆಕ್ಕ

ನಮ್ಮ ಕಲಬುರಗಿ ಕಡೆ ಹೆಣ್ಣುಮಗಳೊಬ್ಬಳು ಕಾದಂಬರಿ ಬರೆದರೆ ಮೊದಲು ಕೇಳಿಬರುವ ಹೊಗಳಿಕೆ ಒಂದೇ: “ಮನೀನೂ ನೋಡಿಕೊಂಡು, ನೌಕರೀನೂ ಮಾಡಿ ಬರದಾಳ ನೋಡ್ರಿ.” ಈ ಮಾತಿನ ಬಗ್ಗೆ ನನಗೆ ತಕರಾರಿದೆ. ಅದು ಬರೆದವಳ ದಣಿವನ್ನೇ ಗುಣವೆಂದು ಕೊಂಡಾಡುತ್ತದೆ. ಮನೆಯವರನ್ನು ಏನೂ ಕೇಳುವುದಿಲ್ಲ. ಪುಸ್ತಕ ಹೇಗಿದೆ ಎಂಬ ಪ್ರಶ್ನೆಯನ್ನಂತೂ ಎತ್ತುವುದೇ ಇಲ್ಲ.

ಗೀತಾ ನಾಗಭೂಷಣರನ್ನೇ ನೋಡಿ. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದವರು. ತಂದೆ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ, ತಾಯಿಗೆ ಓದುಬರಹವಿರಲಿಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದುಕೊಂಡೇ ಓದು ಮುಂದುವರಿಸಿ ಕಾಲೇಜು ಅಧ್ಯಾಪಕಿಯಾದರು. ಮೊದಲ ಕಾದಂಬರಿ ‘ತಾವರೆಯ ಹೂವು’ ಬಂದದ್ದು 1968ರಲ್ಲಿ. ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2004ರಲ್ಲಿ. ಆ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿ ಅವರು. ನಡುವೆ 36 ವರ್ಷ, ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ. ಈ ಬರವಣಿಗೆಯ ಬೆನ್ನಿಗಿದ್ದದ್ದು ಪವಾಡವಲ್ಲ, ತಿಂಗಳ ಸಂಬಳ. ಅದನ್ನು ಬಿಟ್ಟು ಬರೀ ತಾಳ್ಮೆಯ ಕಥೆ ಹೇಳಿದರೆ ಅವರಿಗೂ ಅನ್ಯಾಯ, ಮುಂದೆ ಬರೆಯುವವರಿಗೂ ಅನ್ಯಾಯ.

ಆರಂಭದಲ್ಲಿ ಅವರು ಬರೆದದ್ದು ಆ ಕಾಲದ ಓದುಗರು ಬಯಸುತ್ತಿದ್ದ ಬಗೆಯ ಜನಪ್ರಿಯ ಕಾದಂಬರಿಗಳನ್ನು. ತಮ್ಮ ಕೇರಿಯ, ತಾವು ಕಂಡ ದುಡಿಯುವ ಹೆಂಗಸರ ಕಡೆ ಅವರು ತಿರುಗಿದ್ದು ಆಮೇಲೆ. ‘ಹಸಿಮಾಂಸ ಮತ್ತು ಹದ್ದುಗಳು’ ಆ ತಿರುವಿನ ಫಲ. ‘ಹೆಣ್ಣಿನ ಕೂಗು’ ಎಂಬ ಸಿನಿಮಾ ಆದದ್ದೂ ಅದೇ. ‘ಬದುಕು’ ಓದುವಾಗ ನನ್ನನ್ನು ಹಿಡಿದು ಕೂಡಿಸುವುದು ಅದರ ಮಾತು. ನಮ್ಮ ಓಣಿಯ ಬೈಗುಳ, ಹಾಡಿ ಅಳುವ ದನಿ, ದುಡಿಮೆಯ ನಡುವಿನ ಹರಟೆ, ಯಾವುದಕ್ಕೂ ಇಸ್ತ್ರಿ ಬಿದ್ದಿಲ್ಲ. ಕೆಲವು ಕಡೆ ಲೇಖಕಿಯ ಸಿಟ್ಟು ಪಾತ್ರವನ್ನು ಹಿಂದೆ ತಳ್ಳಿ ತಾನೇ ಮಾತಾಡುತ್ತದೆ, ಒಂದೇ ನೋವು ಮತ್ತೆ ಮತ್ತೆ ಬರುತ್ತದೆ. ಆದರೂ ಅಷ್ಟು ಜನರನ್ನು ಒಂದೇ ಪುಸ್ತಕದಲ್ಲಿ ಉಸಿರಾಡಿಸಲು ಬೇಕಾದ ಕಿವಿ ಮೂವತ್ತು ದಿನದಲ್ಲಿ ಪಳಗುವಂಥದ್ದಲ್ಲ.

ಮೂವತ್ತು ದಿನ ಎಂದದ್ದಕ್ಕೆ ಕಾರಣವಿದೆ. ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಮುಗಿಸುವ ಪಣ 1999ರಲ್ಲಿ ಅಮೆರಿಕದಲ್ಲಿ ಶುರುವಾಗಿ ಲೋಕವೆಲ್ಲ ಹಬ್ಬಿತು. ದಿನಕ್ಕೆ ಸುಮಾರು 1,667 ಪದ. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು, ಪಣ ಮಾತ್ರ ಉಳಿದಿದೆ. ಇದರಲ್ಲಿ ಒಳ್ಳೆಯದಿಲ್ಲವೆಂದಲ್ಲ: ಮೊದಲ ಕರಡಿನ ಹೆದರಿಕೆ ಬಿಡಿಸುತ್ತದೆ. ಕನ್ನಡದಲ್ಲಿ ಧಾರಾವಾಹಿ ಬರೆದವರಿಗೂ ವಾರದ ಗಡುವು ಗೊತ್ತಿತ್ತು. ಆದರೆ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ 50,000 ಪದವೆಂದರೆ ಇಂಗ್ಲಿಷಿನದಕ್ಕಿಂತ ಬಹಳ ದೊಡ್ಡ ಪುಸ್ತಕ. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಆ ಲೆಕ್ಕದಲ್ಲಿ ಪದಗಳಿವೆ, ಅವನ್ನು ಬರೆಯುವ ಹೊತ್ತು ಯಾರ ಪಾಲಿನದು ಎಂಬುದಿಲ್ಲ.

ಕಾದಂಬರಿ ಬರೆಯುತ್ತಿರುವ ನನ್ನ ಗೆಳತಿಯೊಬ್ಬಳು ಕಲಬುರಗಿಯಿಂದ ಕಮಲಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಸುಕಿನಲ್ಲಿ ಎಸರಿಟ್ಟು, ಜೋಳದ ಹಿಟ್ಟು ನಾದಿ, ಮನೆಮಂದಿಗೆಲ್ಲ ರೊಟ್ಟಿ ಬಡಿಯಬೇಕು. ಎರಡೂ ಕೈ ಹಿಟ್ಟಾಗಿರುವಾಗಲೇ ಸಾಲು ಹೊಳೆಯುತ್ತದೆ. ರೊಟ್ಟಿ ಹೊರಳಿಸುವಷ್ಟರಲ್ಲಿ ಮರೆಯುತ್ತದೆ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಮೊಬೈಲಿನಲ್ಲಿ ಒಂದು ಪುಟ. ತಿಂಗಳ ಪಣ ಹಿಡಿದಳು, ಮೊದಲ ವಾರದಲ್ಲೇ ಕೈಬಿಟ್ಟಳು. ಕೊನೆಗೆ ಕೆಲಸಕ್ಕೆ ಬಂದದ್ದು ಪದಗಳ ಎಣಿಕೆಯಲ್ಲ, ಅಡುಗೆಮನೆಯ ಒಪ್ಪಂದ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಮೇಲೆ ಅವಳನ್ನು ಯಾರೂ ಕೂಗುವುದಿಲ್ಲ. ಅವತ್ತು ರಾತ್ರಿ ಗಂಡ ಅಂಗಡಿಯ ರೊಟ್ಟಿ ತರುತ್ತಾನೆ, ಪಲ್ಯ ಅವನೇ ಮಾಡುತ್ತಾನೆ. ಅತ್ತೆ ಮೊದಮೊದಲು ಮುಖ ಊದಿಸಿದರು. ಕಾದಂಬರಿಯಲ್ಲಿ ತಮ್ಮ ಕಾಲದ ಬರಗಾಲ ಬರುತ್ತದೆಂದು ತಿಳಿದ ಮೇಲೆ ತಾವೇ ಕೂತು ಹೇಳತೊಡಗಿದ್ದಾರೆ.

ಅಡ್ಡಿಗಳೇ ಬರಹವನ್ನು ಮಾಗಿಸುತ್ತವೆ ಎಂದು ಉಪದೇಶಿಸುವವರಿದ್ದಾರೆ. ನಾನದನ್ನು ಒಪ್ಪುವುದಿಲ್ಲ. ಮನೆಯ ಗದ್ದಲ ಸರಕು ಕೊಡುತ್ತದೆ ನಿಜ. ಅದನ್ನು ತಿದ್ದಿ ಕೂಡಿಸಲು ಬಾಗಿಲು ಹಾಕಿದ ಕೋಣೆ ಬೇಕು, ಅದು ವಾರಕ್ಕೆ ಅರ್ಧ ದಿನವೇ ಆಗಲಿ. ಗೆಳತಿಯ ಮೂರು ಅಧ್ಯಾಯ ಓದಿದ್ದೇನೆ. ಬರಗಾಲದ ಭಾಗ ಗಟ್ಟಿಯಾಗಿದೆ, ಗಂಜಿ ಕೇಂದ್ರದ ಸಾಲಿನಲ್ಲಿ ನಿಂತವರ ಮಾತು ಸಾಚಾ ಇದೆ. ಸೊಸೆಯ ಪಾತ್ರ ಮಾತ್ರ ಎಲ್ಲದಕ್ಕೂ ಸರಿಯಾದ ಉತ್ತರ ಇಟ್ಟುಕೊಂಡಿದೆ. ಅವಳಿಗೂ ಒಂದೆರಡು ತಪ್ಪು ಮಾಡಲು ಬಿಡಬೇಕು. ಅಂದರೆ ಆ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕು. ಅದಕ್ಕೆ ಇನ್ನೂ ಹಲವು ಶನಿವಾರ ಹಿಡಿಯುತ್ತವೆ, ಹಿಡಿಯಲಿ.