ಉಜ್ಜಿದಷ್ಟೂ ಸವೆಯುವ ನಾಯಕ

ಮಕ್ಕಳ ಚಿತ್ರಕಥೆಗಳನ್ನು ವಿಮರ್ಶೆಯ ತಕ್ಕಡಿಗೆ ಹಾಕುವುದು ನಮ್ಮ ವಿದ್ವಾಂಸರಿಗೆ ಅಷ್ಟಾಗಿ ರುಚಿಸುವ ಕೆಲಸವಲ್ಲ. ಅದರಲ್ಲೂ ರಬ್ಬರು, ಪೆನ್ಸಿಲುಗಳು ಜೀವ ತಳೆದು ಕಿತ್ತಾಡುವ ಜಪಾನೀ ಹಾಸ್ಯವೆಂದರೆ, ಇದೂ ಒಂದು ಸಾಹಿತ್ಯವೆ ಎಂಬ ಪ್ರಶ್ನೆ ಏಳುವುದು ಸಹಜ. ಮುರಾಸೆ ನೊರಿಯುಕಿಯವರ ‘ಕೆಶಿಕಸು-ಕುನ್’ ಚಿತ್ರಮಾಲೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಮೊದಲು ಹೆಸರನ್ನೇ ನೋಡೋಣ. ‘ಕೆಸು’ ಎಂದರೆ ಅಳಿಸು. ‘ಕಸು’ ಎಂದರೆ ಗಸಿ, ಚರಟ. (ನಮ್ಮ ‘ಕಸ’ಕ್ಕೂ ಇದಕ್ಕೂ ನಂಟು ಹುಡುಕುವ ಉತ್ಸಾಹ ಯಾರಿಗೂ ಬೇಡ.) ಎರಡೂ ಕೂಡಿದರೆ ರಬ್ಬರು ಉಜ್ಜಿದಾಗ ಉದುರುವ ಪುಡಿ. ‘ಕಸು’ ಅಲ್ಲಿ ಬೈಗುಳವೂ ಹೌದು, ಕೆಲಸಕ್ಕೆ ಬಾರದವನೆಂಬ ಅರ್ಥದಲ್ಲಿ. ‘ಕುನ್’ ಹುಡುಗರ ಹೆಸರಿನ ಕೊನೆಗೆ ಸಲಿಗೆಯಿಂದ ಸೇರಿಸುವ ಮಾತು. ಹೀಗೆ, ಬೈಗುಳಕ್ಕೆ ಅಕ್ಕರೆಯ ಬಾಲ ಹಚ್ಚಿದ ಹೆಸರು ಇದು.

ಕಾಗದದ ಮೇಲಿನ ಪೆನ್ಸಿಲಿನ ಕಣಗಳು ರಬ್ಬರಿಗೆ ಅಂಟಿಕೊಂಡು, ಅದರ ಮೈಯೊಡನೆ ಸುರುಳಿ ಸುತ್ತಿ ಉದುರುತ್ತವೆ. ಆ ಪುಡಿಯಲ್ಲಿ ಮಗುವಿನ ತಪ್ಪೂ ಇದೆ, ರಬ್ಬರಿನ ದೇಹವೂ ಇದೆ. ನೀತಿಬೋಧಕ ಲೇಖಕನ ಕೈಗೆ ಈ ವಸ್ತು ಸಿಕ್ಕಿದ್ದರೆ ಆ ರಬ್ಬರು ತ್ಯಾಗಮೂರ್ತಿಯಾಗಿ, ಕಡೆಯ ಪುಟದಲ್ಲಿ ಮಕ್ಕಳನ್ನು ಅಳಿಸಿಬಿಡುತ್ತಿತ್ತು. ಮುರಾಸೆ ಅದಕ್ಕೆ ಒಪ್ಪಲಿಲ್ಲ. ಅವರ ರಬ್ಬರು ಸ್ವಾರ್ಥಿ, ಚೇಷ್ಟೆಯ ಪೋರ. ನನ್ನ ದೃಷ್ಟಿಯಲ್ಲಿ ಕೃತಿಯ ಗೆಲುವೆಲ್ಲ ಈ ನಿರಾಕರಣೆಯಲ್ಲಿದೆ.

ಜಡವಸ್ತುವಿಗೆ ಜೀವ ಕೊಡುವುದು ಆ ನಾಡಿನಲ್ಲಿ ಹೊಸದೇನಲ್ಲ. ಮುರೊಮಾಚಿ ಕಾಲದ ‘ತ್ಸುಕುಮೊಗಾಮಿ’ ಚಿತ್ರಸುರುಳಿಯಲ್ಲಿ, ವರ್ಷಾಂತ್ಯದ ಮನೆ ಗುಡಿಸುವ ದಿನ ಬೀದಿಗೆ ಎಸೆದ ಹಳೆಯ ಪಾತ್ರೆ ಪದಾರ್ಥಗಳು ಕೋಪಗೊಂಡು ಪಿಶಾಚಿಗಳಾಗುತ್ತವೆ. ಕಡೆಗೆ ಬೌದ್ಧಮಾರ್ಗ ಹಿಡಿದು ಮುಕ್ತಿ ಪಡೆಯುತ್ತವೆ. ಮುರಿದ ಸೂಜಿಗಳನ್ನು ಮೆತ್ತನೆಯ ತೊಫುವಿಗೆ ಚುಚ್ಚಿ ಬೀಳ್ಕೊಡುವ ಆಚರಣೆ ಇಂದಿಗೂ ಫೆಬ್ರವರಿ 8ರಂದು, ಕೆಲವೆಡೆ ಡಿಸೆಂಬರ್ 8ರಂದು, ನಡೆಯುತ್ತದೆ. ಕೆಶಿಕಸುವಿಗೆ ಅಂಥ ಮುಕ್ತಿ ಇಲ್ಲ. ಒಂದು ರಗಳೆ ಮುಗಿದರೆ ಇನ್ನೊಂದು ರಗಳೆ.

ಇದು ಪ್ರಕಟವಾದದ್ದು ‘ಕೊರೊಕೊರೊ ಕಾಮಿಕ್’ ಎಂಬ ದಪ್ಪನೆಯ ಮಾಸಪತ್ರಿಕೆಯಲ್ಲಿ. 1922ರಲ್ಲಿ ಸ್ಥಾಪನೆಯಾದ ಶೊಗಾಕುಕಾನ್ ಸಂಸ್ಥೆ 1977ರಲ್ಲಿ ಅದನ್ನು ಹೊರತಂದಿತು. ಓದುಗರು ಹೆಚ್ಚಾಗಿ ಪ್ರಾಥಮಿಕ ಶಾಲೆಯ ಹುಡುಗರು. ಅದೇ ಮನೆಯ ‘ಡೋರೇಮಾನ್’ 1969ರಲ್ಲಿ ಆರಂಭವಾಯಿತು. ಅದರಲ್ಲಿ ಉಪಕರಣಗಳು ಭವಿಷ್ಯದಿಂದ ಬಂದು ಸೋತ ಹುಡುಗನನ್ನು ಕಾಯುತ್ತವೆ. ಇಲ್ಲಿ ಉಪಕರಣವೇ ತುಂಟ ಹುಡುಗ, ಅದನ್ನು ಕಾಯುವವರು ಯಾರು?

ವಿಕೃತವಾದ ಆಕಾರ, ವೇಷಗಳು ಹಾಸ್ಯಕ್ಕೆ ಕಾರಣವೆಂದು ಭರತ ಹೇಳಿದ. ಆದರೆ ವಿಕಾರ ವಸ್ತುವಿನ ಸ್ವಭಾವದಿಂದಲೇ ಹುಟ್ಟಬೇಕು. ಅಳಿಸುವುದು, ಸವೆಯುವುದು, ಪುಡಿ ಉದುರಿಸುವುದು ಇವುಗಳಿಂದ ಬಂದ ನಗೆ ರಬ್ಬರಿಗೆ ಮಾತ್ರ ಸಲ್ಲುತ್ತದೆ. ಬರಿಯ ಕಿರುಚಾಟ, ಹೇಸಿಗೆಯ ನಗೆ ಯಾವ ಪಾತ್ರಕ್ಕಾದರೂ ಅಂಟೀತು. ಈ ಪತ್ರಿಕೆಯ ಹಾಸ್ಯಕ್ಕೆ ಅದೊಂದು ಹಳೆಯ ಚಾಳಿ. ತಿಂಗಳಿಗೊಮ್ಮೆ ನಗಿಸಲೇಬೇಕಾದವನ ಕಷ್ಟ ಅರ್ಥವಾಗುತ್ತದೆ, ಆದರೂ ಅದನ್ನು ಗುಣವೆನ್ನಲಾರೆ.

ಕನ್ನಡಕ್ಕೆ ತರುವವನಿಗೆ ಹೆಸರಿನಲ್ಲೇ ತೊಡಕು. ‘ರಬ್ಬರ್ ಪುಟ್ಟ’ ಎಂದರೆ ಬೈಗುಳ ಹೋಯಿತು. ‘ಕಸಪ್ಪ’ ಎಂದರೆ ಬೈಗುಳ ಉಳಿದೀತು, ಸಲಿಗೆಯೂ ಉಳಿದೀತು. ಅಳಿಸುವ ಕೆಲಸ ಮಾತ್ರ ಬಿಟ್ಟುಹೋಗುತ್ತದೆ.