ಬೀನ್ ಬ್ಯಾಗೂ ಗುಬ್ಬಿ ಕಂಪನಿ ಕಳ್ಳನೂ

ಐಟಿ ಕಂಪನಿಗಳಲ್ಲಿ ಆಟಕ್ಕೆ ಒಂದು ಜಾಗ ಇರತ್ತೆ, ಒಂದು ಟೈಮ್ ಇರತ್ತೆ. ಜಾಗ ಅಂದ್ರೆ ಪ್ಯಾಂಟ್ರಿ ಪಕ್ಕದ ಮೂಲೆ. ಅಲ್ಲಿ ಎರಡು ಬೀನ್ ಬ್ಯಾಗು, ಒಂದು ಫೂಸ್‌ಬಾಲ್ ಟೇಬಲ್ಲು, ಗೋಡೆ ಮೇಲೆ ಯಾರದೋ ದೊಡ್ಡ ಮಾತು. ಟೈಮ್ ಅಂದ್ರೆ ಶುಕ್ರವಾರ ಸಾಯಂಕಾಲ 4ರಿಂದ 5. ಎಚ್‌ಆರ್‌ನಿಂದ ಮೇಲ್ ಬರತ್ತೆ, ಕ್ಯಾಲೆಂಡರಿನಲ್ಲಿ ಬ್ಲಾಕ್ ಆಗತ್ತೆ, ನಾವು ಹೋಗಿ ನಗಬೇಕು. ವರ್ಷಕ್ಕೊಂದು ಸಲ ಹ್ಯಾಕಥಾನು. ರಾತ್ರಿಯೆಲ್ಲ ಪಿಜ್ಜಾ ತಿಂದು ಕೋಡ್ ಬರೆದು, ಬೆಳಗ್ಗೆ ಟಿ-ಶರ್ಟ್ ಹಾಕ್ಕೊಂಡು ಫೋಟೋ. ಆ ಕೋಡು ಆಮೇಲೆ ಎಲ್ಲಿ ಹೋಯ್ತು ಅಂತ ಕೇಳಬಾರದು.

ಕೆಲಸದಲ್ಲಿ ಆಟ ಇರಬೇಕು ಅನ್ನೋದರ ಬಗ್ಗೆ ನನಗೆ ತಕರಾರಿಲ್ಲ. ಗೂಗಲ್ ಸ್ಥಾಪಕರು 2004ರಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲಿ, ನಮ್ಮ ಉದ್ಯೋಗಿಗಳು ಶೇ. 20ರಷ್ಟು ಸಮಯವನ್ನ ತಮಗೆ ಸರಿ ಕಂಡ ಕೆಲಸಕ್ಕೆ ಬಳಸಲಿ ಅಂತ ಹೇಳಿದ್ದು ನಮ್ಮ ಮ್ಯಾನೇಜರುಗಳಿಗೆಲ್ಲ ಬಾಯಿಪಾಠ. ಅದು ಒಳ್ಳೆ ಮಾತೇ. ಆದರೆ ಅದು ಇಲ್ಲಿಗೆ ಬರೋ ಹೊತ್ತಿಗೆ ಅರ್ಥ ಬದಲಾಗಿ, ಉಳಿದ ಶೇ. 80ರಲ್ಲಿ ಬಾಯಿ ಮುಚ್ಕೊಂಡಿರು ಅಂತಾಯಿತು. ಆಟವನ್ನ ಕೆಲಸದಿಂದ ಹೊರಗೆ ತೆಗೆದು ಒಂದು ಮೂಲೇಲಿ ಇಟ್ಟರು. ನನ್ನ ಜಗಳ ಇರೋದು ಇದರ ಮೇಲೆ.

ನನ್ನ ಉದಾಹರಣೆ ಕ್ಯಾಲಿಫೋರ್ನಿಯಾದ್ದಲ್ಲ, ನಮ್ಮ ತುಮಕೂರು ಜಿಲ್ಲೆಯದು. 1884ರಲ್ಲಿ ಗುಬ್ಬಿಯಲ್ಲಿ ಒಂದು ಕಂಪನಿ ಶುರುವಾಯ್ತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಹೆಸರಲ್ಲೇ ಕಂಪನಿ ಇದೆ, ಗಮನಿಸಿ. ಸಂಬಳ, ಟಿಕೆಟ್ಟು, ಕಲೆಕ್ಷನ್ನು, ಸಾಲ, ಊರಿಂದೂರಿಗೆ ಕ್ಯಾಂಪು, ಎಲ್ಲ ಇದ್ದ ಪಕ್ಕಾ ಕಂಪನಿ. 1891ರಲ್ಲಿ ಹುಟ್ಟಿದ ವೀರಣ್ಣ ಹುಡುಗನಾಗಿದ್ದಾಗಲೇ ಇಲ್ಲಿಗೆ ಸೇರಿ, ಆಮೇಲೆ ಇದರ ಮಾಲೀಕರೇ ಆದರು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲ ಇಲ್ಲಿ ಪಳಗಿದವರು. ವೀರಣ್ಣನವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಕಾಯಕ ಮುಗಿದ ಮೇಲೆ ಕಲೆ ಅಂತಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಅಂತಂತೂ ಅಲ್ಲ.

ಈ ಕಂಪನಿ ನಾಟಕಗಳ ಒಳಗೆ ಇಂಪ್ರೊವೈಸೇಶನ್ ಎಲ್ಲಿಂದ ಬಂತು ನೋಡಿ, ಎಂಜಿನಿಯರುಗಳಿಗೆ ಖುಷಿಯಾಗತ್ತೆ. ಹಿಂದುಗಡೆ ಅರಮನೆ ಸೀನ್ ತೆಗೆದು ಕಾಡಿನ ಸೀನ್ ಹಾಕಬೇಕು. ಅದಕ್ಕೆ ಟೈಮ್ ಬೇಕು. ಜನ ಸುಮ್ಮನೆ ಕೂರಲ್ಲ. ಅದಕ್ಕೇ ಮುಂದೆ ಒಂದು ಬೀದಿಯ ಪರದೆ ಇಳಿಬಿಟ್ಟು, ಅದರ ಎದುರಿಗೆ ಹಾಸ್ಯಗಾರನನ್ನ ಬಿಡೋದು. ಹಿಂದೆ ಮೊಳೆ ಹೊಡೆಯೋ ಸದ್ದು ನಿಲ್ಲೋವರೆಗೆ ಅವನು ಎಳೀಬೇಕು. ಮಾತು ಖಾಲಿಯಾದ್ರೆ ಆ ಊರಿನ ಸಂತೆ ವಿಷಯ, ನಲ್ಲಿ ನೀರಿನ ವಿಷಯ, ಮುಂದಿನ ಸಾಲಲ್ಲಿ ಕೂತ ಸಾಹುಕಾರರ ಪೇಟದ ವಿಷಯ ತರಬೇಕು. ನಾವು ಸರ್ವರ್ ಡೌನ್ ಮಾಡಿ ಡಿಪ್ಲಾಯ್ ಮಾಡುವಾಗ ಕಸ್ಟಮರಿಗೆ ‘ದಯವಿಟ್ಟು ಕಾಯಿರಿ’ ಅಂತ ತೋರಿಸ್ತೀವಲ್ಲ, ಆ ಜಾಗ ಅದು. ಆ ಕಾಯೋ ಜಾಗಾನೇ ಜನ ದುಡ್ಡು ಕೊಟ್ಟು ನೋಡೋ ಜಾಗ ಆಯ್ತು. ಯಾರೂ ಕ್ರಿಯೇಟಿವ್ ಆಗೋಣ ಬನ್ನಿ ಅಂತ ಮೀಟಿಂಗ್ ಕರೆದಿರಲಿಲ್ಲ. ಕೆಲಸದ ಒಂದು ತೊಂದರೆಯೇ ಅದನ್ನ ಹುಟ್ಟಿಸಿತು.

‘ಸದಾರಮೆ’ ನಾಟಕದ ಕಳ್ಳನ ಪಾತ್ರ ವೀರಣ್ಣನವರಿಗೆ ದೊಡ್ಡ ಹೆಸರು ತಂದದ್ದು. ಕಾಡಿನಲ್ಲಿ ಸದಾರಮೆಯನ್ನ ಹೊತ್ತೊಯ್ಯೋ ಕಳ್ಳ, ಕೊನೆಗೆ ಅವಳ ಜಾಣತನಕ್ಕೆ ಬೇಸ್ತು ಬೀಳ್ತಾನೆ. ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ಪಾತ್ರ ಮಾಡಿ ನಮ್ಮ ತಲೆಮಾರಿಗೂ ದಾಟಿಸಿದ್ದಾರೆ. ಇಲ್ಲಿ ನನಗೆ ಮುಖ್ಯ ಅನಿಸೋದು ಒಂದೇ ಸಂಗತಿ. ಕಂಪನಿ ಮಾಲೀಕ ಯಾವ ಪಾತ್ರ ಬೇಕಾದ್ರೂ ಇಟ್ಕೋಬಹುದಿತ್ತು. ರಾಜ, ದೇವರು, ಏನು ಬೇಕಾದ್ರೂ. ಈ ಮನುಷ್ಯ ಬೇಸ್ತು ಬೀಳೋ ಕಳ್ಳನಿಗೆ ಬಣ್ಣ ಹಚ್ಕೊಂಡ್ರು. ಮೈಸೂರು ಮಹಾರಾಜರು ಅವರಿಗೆ ಕೊಟ್ಟ ಬಿರುದೂ ‘ವರ್ಸಟೈಲ್ ಕಮೀಡಿಯನ್’. ಸಂಬಳ ಕೊಡೋ ಮನುಷ್ಯನೇ ದಿನಾ ರಾತ್ರಿ ಸಾವಿರ ಜನರ ಮುಂದೆ ಪೆದ್ದನಾಗ್ತಿದ್ದರೆ, ಅಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಒಂದು ಹೊಸ ಮಾತು ಆಡಿ ನೋಡೋಕೆ ಎಷ್ಟು ಧೈರ್ಯ ಬಂದಿರಬೇಡ! ಆಡಿದ ಮಾತು ಬಿದ್ದುಹೋದ್ರೆ ಅವಮಾನದಲ್ಲಿ ಅವನಿಗೆ ಜೊತೆ ಇದೆ. ಕಲೆಕ್ಷನ್ ಬಿದ್ದುಹೋದ್ರೆ ಸಾಲ ಮಾಲೀಕರ ತಲೆ ಮೇಲೆ.

ಈಗ ನಮ್ಮ ಕಡೆ ನೋಡಿ. ಹಿಂದೆ ನಾನಿದ್ದ ಒಂದು ಟೀಮಿನಲ್ಲಿ ತುಮಕೂರಿಂದ ದಿನಾ ರೈಲಲ್ಲಿ ಬರೋ ಹುಡುಗಿಯೊಬ್ಬಳಿದ್ದಳು. ಎರಡು ದಿನ ಹಿಡಿಯೋ ಟೆಸ್ಟಿಂಗ್ ಕೆಲಸವನ್ನ ಒಂದು ಗಂಟೆಗೆ ಇಳಿಸೋ ಸಣ್ಣ ಸ್ಕ್ರಿಪ್ಟ್ ಒಂದನ್ನ ಅವಳು ರೈಲಲ್ಲೇ ಕೂತು ಬರೆದಿದ್ದಳು. ತೋರಿಸಿದಾಗ ಬಂದ ಮೊದಲ ಪ್ರಶ್ನೆ, ‘ಇದಕ್ಕೆ ಅಪ್ರೂವಲ್ ಯಾರು ಕೊಟ್ರು?’ ಎರಡನೇ ಪ್ರಶ್ನೆ, ‘ಹಾಗಾದ್ರೆ ಇಷ್ಟು ದಿನ ಎಸ್ಟಿಮೇಟಲ್ಲಿ ಎರಡು ದಿನ ಅಂತ ಯಾಕೆ ಹಾಕಿದ್ರಿ?’ ಮೂರು ವಾರ ಆದ ಮೇಲೆ ಅದೇ ಮ್ಯಾನೇಜರ್ ‘ಇನ್ನೊವೇಶನ್ ಡೇ’ ಇಟ್ಟು, ಎಲ್ಲರೂ ಒಂದೊಂದು ಐಡಿಯಾ ತನ್ನಿ ಅಂದರು. ಅವಳು ಅವತ್ತು ರಜೆ ಹಾಕಿದ್ದಳು. ಅಪ್ರೈಸಲ್‌ನಲ್ಲಿ ಅವಳ ಬಗ್ಗೆ ಬರೆದದ್ದು ಇಷ್ಟು: ಹೊಸತನದಲ್ಲಿ ಆಸಕ್ತಿ ಕಮ್ಮಿ.

ಹಾಗಂತ ಎಲ್ಲ ಕಡೆ ಆಟ ಆಡಿ ಅಂತ ಹೇಳ್ತಿಲ್ಲ. ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ಅಲ್ಲಿ ರೋಟರಿನ ನಟ್ಟು ಬಿಗಿಯೋನು ‘ಇವತ್ತು ಸ್ವಲ್ಪ ಬೇರೆ ಥರ ಬಿಗಿದು ನೋಡೋಣ’ ಅನ್ನಬಾರದು. ನಾಟಕದಲ್ಲೂ ಲಗಾಮಿಲ್ಲದ ಆಟ ಕೆಟ್ಟದ್ದೇ. ಕಂಪನಿ ನಾಟಕಗಳು ಇಳಿಗಾಲಕ್ಕೆ ಬಂದಾಗ ಎಷ್ಟೋ ಕಡೆ ಹಾಸ್ಯಗಾರನ ಡಬಲ್ ಮೀನಿಂಗ್ ಮಾತೇ ನಾಟಕವನ್ನ ತಿಂದು ಹಾಕಿತು. ಜನ ಶಿಳ್ಳೆ ಹೊಡೀತಾರೆ ಅಂತ ಎಳೆದರು, ಎಳೆದಷ್ಟೂ ಕತೆ ಸತ್ತಿತು. ಜೊತೆಗೆ ಕಂಪನಿ ಬದುಕು ಸ್ವರ್ಗವೇನೂ ಆಗಿರಲಿಲ್ಲ. ಮಳೆ ಹಿಡಿದ ಕ್ಯಾಂಪಿನಲ್ಲಿ ಕಲೆಕ್ಷನ್ ಇಲ್ಲ ಅಂದ್ರೆ ಹೊಟ್ಟೆಗೂ ಕಷ್ಟ. ಹಳೇದೆಲ್ಲ ಚಿನ್ನ ಅನ್ನೋ ಜಾತಿಯವನು ನಾನಲ್ಲ. ನನಗೆ ತಿಂಗಳ ಕೊನೆಗೆ ಸಂಬಳ ಬೇಕು, ಪಿಎಫ್ ಬೇಕು.

ಲಗಾಮು ಯಾರ ಕೈಯಲ್ಲಿರಬೇಕು ಅನ್ನೋದು ನನಗೆ ಗೊತ್ತಾಗಿದ್ದು ನಮ್ಮೂರಿನ ಕುರುಕ್ಷೇತ್ರದಿಂದ. ನಮ್ಮದು ಕುಣಿಗಲ್ ಕಡೆ ಹಳ್ಳಿ. ಈ ಸೀಮೇಲಿ ಕುರುಕ್ಷೇತ್ರ ಆಡದ ಊರು ಹುಡುಕೋದು ಕಷ್ಟ. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು. ಪಾತ್ರಕ್ಕೆ ಸಂಬಳ ಕೊಡಲ್ಲ, ಪಾತ್ರ ಮಾಡೋರೇ ದುಡ್ಡು ಕೊಡಬೇಕು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ ರೇಟು. ಹಗಲೆಲ್ಲ ರಾಗಿ ಹೊಲದಲ್ಲಿ, ಟೊಯೊಟಾ ಫ್ಯಾಕ್ಟರಿ ಶಿಫ್ಟಲ್ಲಿ ದುಡಿದು ಬಂದೋರು ಕೈಯಿಂದ ಕಾಸು ಹಾಕಿ ಆಡ್ತಾರೆ. ಎಚ್‌ಆರ್‌ನವರು ‘ಎಂಗೇಜ್‌ಮೆಂಟ್’ ಅಂತ ಹುಡುಕ್ತಾರಲ್ಲ, ಅವರು ಒಂದ್ಸಲ ಬಂದು ನೋಡಬೇಕು.

ನಾನು ಪಿಯುಸಿಯಲ್ಲಿದ್ದಾಗ ಒಂದು ವರ್ಷ ಭೀಮ–ದುರ್ಯೋಧನರ ಜಗಳದಲ್ಲಿ ಭೀಮನ ಗದೆ ತಲೆ ಕಳಚಿಕೊಂಡು ಉರುಳಿ ಹೋಯ್ತು. ದುರ್ಯೋಧನ ಆಗಿದ್ದ ನಮ್ಮ ದೊಡ್ಡಪ್ಪ ಒಂದು ಗಳಿಗೆ ನಿಂತು, ‘ಏನಲಾ ಭೀಮ, ನಿನ್ನ ಗದೇನೇ ನನ್ನ ಪಕ್ಷ ಸೇರ್ಕಳ್ತಲ್ಲಲಾ!’ ಅಂದ. ಊರಿಗೆ ಊರೇ ಎದ್ದು ಕೂಗಿತು. ಒನ್ಸ್ ಮೋರ್ ಒನ್ಸ್ ಮೋರ್. ದೊಡ್ಡಪ್ಪ ಇನ್ನೊಂದು ಮಾತಿಗೆ ಬಾಯಿ ತೆಗೆದ. ಅಷ್ಟರಲ್ಲಿ ಹಾರ್ಮೋನಿಯಂ ಮೇಷ್ಟ್ರು ಮುಂದಿನ ಪದ್ಯದ ಶ್ರುತಿ ಹಿಡಿದುಬಿಟ್ಟರು. ಬೈಲಿಲ್ಲ, ಕಣ್ಣು ಬಿಡಲಿಲ್ಲ, ಶ್ರುತಿ ಹಿಡಿದರು ಅಷ್ಟೆ. ದೊಡ್ಡಪ್ಪ ಹಾಡಿಗೆ ಬಂದ. ನಾನು ಇಲ್ಲೀವರೆಗೂ ನೋಡಿರೋ ಅತ್ಯುತ್ತಮ ಮ್ಯಾನೇಜರ್ ಆ ಮೇಷ್ಟ್ರು.

ಕತೆ ಇಲ್ಲಿಗೆ ಮುಗಿಯಲ್ಲ. ಮುಂದಿನ ವರ್ಷ ನಾಟಕದ ಕಮಿಟಿಯವರು ಆ ಮಾತು ಭಾರಿ ಚೆನ್ನಾಗಿತ್ತು, ಅದನ್ನ ಇಟ್ಕೊಳ್ಳಲೇಬೇಕು ಅಂದರು. ಮೇಷ್ಟ್ರು ಬೇಡ ಅಂದ್ರೂ ಕೇಳಲಿಲ್ಲ. ಗದೆಯ ತಲೆಗೆ ದಾರ ಕಟ್ಟಿ, ಸರಿಯಾದ ಹೊತ್ತಿಗೆ ಎಳೆಯೋಕೆ ಸೈಡ್‌ವಿಂಗಲ್ಲಿ ಒಬ್ಬ ಹುಡುಗನನ್ನ ನಿಲ್ಲಿಸಿದರು. ಗದೆ ಉರುಳಿತು, ದೊಡ್ಡಪ್ಪ ಅದೇ ಮಾತು ಅದೇ ಥರ ಹೇಳಿದ. ಒಬ್ಬರೂ ನಗಲಿಲ್ಲ. ಕಾರ್ಪೊರೇಟ್ ಭಾಷೆಯಲ್ಲಿ ಇದಕ್ಕೆ ‘ಬೆಸ್ಟ್ ಪ್ರ್ಯಾಕ್ಟೀಸ್’ ಅಂತಾರೆ.

ಗುಬ್ಬಿ ಕಂಪನಿಯಿಂದ ಹೊರಟ ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣದ ಮೊದಲ ನಿರ್ದೇಶಕರಾದರು. ಅವರನ್ನ ಕಾಶಿಗೆ ಎಂಎ ಓದೋಕೆ ಕಳಿಸಿದ್ದು ವೀರಣ್ಣನವರೇ. ಓದಿದ ಮೇಲೆ ವಾಪಸ್ ಬಂದು ಎರಡು ವರ್ಷ ದುಡೀಬೇಕು ಅಂತ ಬಾಂಡ್ ಬರೆಸಿಕೊಂಡಿದ್ದು ನಾನೆಲ್ಲೂ ಓದಿಲ್ಲ.

ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ. ಅಲ್ಲೋ ಬೆಂಗಳೂರಿನಲ್ಲೋ ‘ಸದಾರಮೆ’ ಆಡಿದರೆ ಟೀಮ್ ಔಟಿಂಗ್ ದುಡ್ಡಲ್ಲಿ ಟಿಕೆಟ್ ತಗೊಂಡು ಹೋಗಿ. ಕಳ್ಳ ಬಂದಾಗ ಎಲ್ಲರೂ ಕಳ್ಳನನ್ನೇ ನೋಡ್ತಾರೆ. ನೀವು ಸದಾರಮೆ ಪಾತ್ರ ಮಾಡ್ತಿರೋರ ಕಣ್ಣು ನೋಡಿ. ಕಳ್ಳ ಸ್ಕ್ರಿಪ್ಟ್ ಬಿಟ್ಟು ಎಲ್ಲೆಲ್ಲೋ ಹೋಗಿರ್ತಾನೆ. ಜನ ನಗ್ತಿರ್ತಾರೆ. ಅವನು ಯಾವ ಮಾತಿಗೆ ವಾಪಸ್ ಬರ್ತಾನೋ ಗೊತ್ತಿಲ್ಲದೆ, ತನ್ನ ಮುಂದಿನ ಮಾತನ್ನ ಬಾಯಲ್ಲೇ ಹಿಡಿದುಕೊಂಡು, ಹೆದರಿದ ಹೆಣ್ಣಿನ ಮುಖ ಒಂದಿಷ್ಟೂ ಸಡಿಲ ಮಾಡದೆ ಅವರು ಕಾಯ್ತಿರ್ತಾರೆ.