ಪಠ್ಯದ ಇಂಗ್ಲಿಷು ಯಾರ ಬಾಯಿನದು?

ಇಂಗ್ಲಿಷ್ ಪಠ್ಯಪುಸ್ತಕದೊಳಗೆ ಮಾತಾಡುವ ಜನರನ್ನು ಸ್ವಲ್ಪ ಗಮನಿಸಿ. ಒಬ್ಬ ಮುಗಿಸುವತನಕ ಇನ್ನೊಬ್ಬ ಬಾಯಿ ತೆರೆಯುವುದಿಲ್ಲ. ಯಾರೂ ತಡವರಿಸುವುದಿಲ್ಲ, ಮಾತನ್ನು ಅರ್ಧಕ್ಕೆ ಬಿಡುವುದಿಲ್ಲ, ಬೈಯುವುದಂತೂ ಇಲ್ಲವೇ ಇಲ್ಲ. ‘ಪೆನ್ ಇದೆಯಾ’ ಅಂದರೆ ‘ಹೌದು, ನನ್ನ ಹತ್ತಿರ ಒಂದು ಪೆನ್ ಇದೆ’ ಎಂದು ಕಟಕಟೆಯಲ್ಲಿ ನಿಂತ ಸಾಕ್ಷಿಯ ಹಾಗೆ ಪೂರ್ತಿ ವಾಕ್ಯ ಒಪ್ಪಿಸುತ್ತಾರೆ. 1967ರಲ್ಲಿ ಬಂದ ಎಲ್. ಜಿ. ಅಲೆಗ್ಸಾಂಡರನ ‘ನ್ಯೂ ಕಾನ್ಸೆಪ್ಟ್ ಇಂಗ್ಲಿಷ್’ ಚೀನಾದವರೆಗೂ ಹೋಗಿ ಲಕ್ಷಾಂತರ ಮಂದಿಗೆ ಇಂಗ್ಲಿಷ್ ಕಲಿಸಿತು. ಅದರ ಸಂಭಾಷಣೆಗಳೂ ವ್ಯಾಕರಣದ ಒಂದೊಂದು ಸೂತ್ರದ ಅಳತೆಗೆ ಹೊಲಿದ ಅಂಗಿಗಳೇ. ಕಲಿಯುವವನಿಗೆ ಇದು ಸುಲಭ, ಒಪ್ಪೋಣ. ಆದರೆ ಇಂಗ್ಲಿಷರು ಹೀಗೇ ಮಾತಾಡ್ತಾರೆ ಅಂತ ನಂಬಿಸಿದ್ದು ಮೋಸ.

1990ರ ದಶಕದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರೊನಾಲ್ಡ್ ಕಾರ್ಟರ್ ಮತ್ತು ಮೈಕೆಲ್ ಮೆಕಾರ್ಥಿ ಜನರ ದಿನನಿತ್ಯದ ಮಾತನ್ನು ಟೇಪಿನಲ್ಲಿ ಹಿಡಿದು ಸುಮಾರು 50 ಲಕ್ಷ ಪದಗಳಷ್ಟು ಬರೆದಿಟ್ಟರು. ಅದರಲ್ಲಿ ಸಿಕ್ಕಿದ್ದು ಪಠ್ಯದ ಇಂಗ್ಲಿಷಲ್ಲ. ಪೆನ್ ಬೇಕಾದವನು ‘ಗಾಟ್ ಎ ಪೆನ್?’ ಅನ್ನುತ್ತಾನೆ, ಅಷ್ಟೆ. ಮಾತಿಗೊಮ್ಮೆ ‘ಯು ನೋ’, ‘ಐ ಮೀನ್’. ‘ಒಳ್ಳೆ ಮನುಷ್ಯ ಕಣೋ ಅವನು, ನಿಮ್ಮಪ್ಪ’ ಎಂದು ನಾವು ಹೆಸರನ್ನು ಮಾತಿನ ಬಾಲಕ್ಕೆ ಕಟ್ಟುತ್ತೇವಲ್ಲ, ಅವರೂ ಹಾಗೇ ಕಟ್ಟುತ್ತಾರೆ. ನಮ್ಮ ಹಟ್ಟಿ ಜಗಲಿಯ ಮಾತಿಗೂ ಅವರ ಅಡುಗೆಮನೆ ಮಾತಿಗೂ ಇಂಥ ನಂಟು ಇರಬಹುದೆಂದು ಯಾವ ಮೇಷ್ಟ್ರು ನಮಗೆ ಹೇಳಿದ್ದರು?

ಆಮೇಲೆ ಪುಸ್ತಕದಂಗಡಿಯವರೂ ಎಚ್ಚೆತ್ತರು. 2005ರಿಂದ ಬಂದ ‘ಟಚ್‌ಸ್ಟೋನ್’ ಸರಣಿ ಇಂಥದೇ ಸಂಗ್ರಹವನ್ನು, ಅಮೆರಿಕದ ಆಡುಮಾತಿನದನ್ನು, ಆಧರಿಸಿ ‘ಯು ನೋ’, ‘ಐ ಮೀನ್’ಗಳನ್ನೂ ಪಾಠ ಮಾಡಿತು. ಒಳ್ಳೆಯದೇ. ಆದರೆ ಆಡುಮಾತು ಅಂದರೆ ಯಾರು ಆಡಿದ ಮಾತು? ಈ ಪ್ರಶ್ನೆ ಅಲ್ಲೂ ಹಾಗೇ ಉಳಿಯಿತು.

ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ 1968ರಲ್ಲಿ ಪೀಟರ್ ಟ್ರಡ್‌ಗಿಲ್ 60 ಮಂದಿಯನ್ನು ಮಾತಾಡಿಸಿ, 1974ರಲ್ಲಿ ಪುಸ್ತಕ ಬರೆದ. ಅಲ್ಲಿನ ತೀರಾ ಕೆಳಗಿನ ಕೂಲಿಕಾರ ವರ್ಗದವರು ‘ಶಿ ಗೋಸ್’ ಅನ್ನುವುದೇ ಅಪರೂಪ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ‘ಶಿ ಗೋ’. ‘ಹೌಸ್’ ಎಂಬಲ್ಲಿ ‘ಹ’ ಬಿಟ್ಟು ‘ಔಸ್’ ಅನ್ನುವವರೂ ಅವರೇ. ಗೆಳೆಯರೇ, ‘ಹಾಲು’ ಅನ್ನಲಾರದೆ ‘ಆಲು’ ಅಂದಿದ್ದಕ್ಕೆ ಕನ್ನಡ ಪೀರಿಯಡ್ಡಿನಲ್ಲಿ ನಗೆಪಾಟಲಾಗಿ, ‘ಶಿ ಗೋ’ ಅಂದಿದ್ದಕ್ಕೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ನಿಂತ ನಮ್ಮ ಹುಡುಗರಿಗೆ ನಾರಿಚ್ಚಿನಲ್ಲಿ ದೊಡ್ಡ ಬಳಗವೇ ಇದೆ! ಅಲ್ಲಿ ವರ್ಗ, ಇಲ್ಲಿ ಜಾತಿ. ಎರಡೂ ಒಂದೇ ಅಲ್ಲ ನಿಜ, ಆದರೆ ‘ಶುದ್ಧ’ ಎಂಬ ಮಾತನ್ನು ಎರಡೂ ಕಡೆ ಯಾರು ಬಳಸುತ್ತಾರೆ ನೋಡಿ.

ಅಮೆರಿಕದ ಕರಿಯರ ಕಥೆ ಇನ್ನೂ ಸ್ಪಷ್ಟ. ‘ಹಿ ಬಿ ವರ್ಕಿಂಗ್’ ಅಂದರೆ ಅವನು ದಿನಾ ದುಡಿಯುತ್ತಾನೆ ಎಂದರ್ಥ. ಅದು ತಪ್ಪಲ್ಲ, ಅದಕ್ಕೆ ಅದರದೇ ವ್ಯಾಕರಣವಿದೆ. ನ್ಯೂಯಾರ್ಕಿನ ಹಾರ್ಲೆಮ್ಮಿನ ಹುಡುಗರ ಮಾತನ್ನು ಕೇಳಿ ಇಂಥ ಮಾತಿನ ಕಟ್ಟಳೆಗಳನ್ನು ಬಿಡಿಸಿಟ್ಟವನು ವಿಲಿಯಂ ಲೆಬೋವ್. ಮುಂದೆ ಮಿಷಿಗನ್ನಿನ ಆ್ಯನ್ ಆರ್ಬರ್ ಊರಿನಲ್ಲಿ ಬಡ ಕರಿಯ ಮಕ್ಕಳ ಪರವಾಗಿ ಶಾಲಾ ಆಡಳಿತದ ಮೇಲೆ ದಾವೆ ಹೂಡಿದಾಗ ಅವನೂ ಸಾಕ್ಷಿ ಹೇಳಿದ. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟ: ಓದು ಕಲಿಸುವಾಗ ಮಕ್ಕಳ ಮನೆಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅದನ್ನು ಗುರುತಿಸುವುದನ್ನು ಮೇಷ್ಟ್ರುಗಳು ಕಲಿಯಬೇಕು.

ಹಾಗಾದರೆ ನಮ್ಮ ಮಕ್ಕಳಿಗೆ ‘ಶಿ ಗೋ’ ಸಾಕೇ? ಸಾಲದು. ಇಂಟರ್‌ವ್ಯೂ ಮಾಡುವವನು ಟ್ರಡ್‌ಗಿಲ್‌ನನ್ನು ಓದಿರುವುದಿಲ್ಲ. 1854ರಷ್ಟು ಹಿಂದೆಯೇ ಸಾವಿತ್ರಿಬಾಯಿ ಫುಲೆ ಇಂಗ್ಲಿಷಿನ ಮೇಲೆ ಪದ್ಯ ಬರೆದದ್ದು, ಬಾಬಾಸಾಹೇಬರು ತಮ್ಮ ದೊಡ್ಡ ಗ್ರಂಥಗಳನ್ನು ಇಂಗ್ಲಿಷಿನಲ್ಲೇ ಬರೆದದ್ದು ಸುಮ್ಮನೆ ಅಲ್ಲ. ಶಿಷ್ಟ ಇಂಗ್ಲಿಷನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ನನ್ನ ತಕರಾರು ಬೇರೆ. ಪಠ್ಯಕ್ಕೂ ಮಾತಿಗೂ ನಡುವೆ ಇರುವ ಈ ಕಂದಕಕ್ಕೆ ಬೀಳುವವರು ಯಾರು? ಕಾನ್ವೆಂಟಿನ ಹುಡುಗನಿಗೆ ಪಠ್ಯ ಹೇಗಿದ್ದರೂ ನಡೆಯುತ್ತದೆ. ಆಡುವ ಇಂಗ್ಲಿಷು ಅವನಿಗೆ ಊಟದ ಮನೆಯಲ್ಲಿ, ಮಾವನ ಕಾರಿನಲ್ಲಿ ಪುಕ್ಕಟೆ ಸಿಕ್ಕಿರುತ್ತದೆ. ಕೇರಿಯಿಂದ ಬಂದವನಿಗೆ ಪಠ್ಯ ಒಂದೇ ದಿಕ್ಕು. ಅವನು ಅದನ್ನೇ ನಿಷ್ಠೆಯಿಂದ ಕಲಿತು, ಪೂರ್ತಿ ವಾಕ್ಯದಲ್ಲಿ, ತಪ್ಪಿಲ್ಲದೆ ಮಾತಾಡುತ್ತಾನೆ. ಆಗ ‘ಪುಸ್ತಕ ಮಾತಾಡ್ತದೆ ನೋಡ್ರೋ’ ಅಂತ ನಗುತ್ತಾರೆ. ವ್ಯಾಕರಣ ತಪ್ಪಿದರೂ ನಗು, ತಪ್ಪದಿದ್ದರೂ ನಗು. ಡಿಗ್ರಿ ಕೈಯಲ್ಲಿ ಹಿಡಿದು ಬಾಯಿ ಕಟ್ಟಿಕೊಂಡು ಕೂತ ಎಷ್ಟು ಜನ ನಮ್ಮವರಿದ್ದಾರೆ, ಎಣಿಸಿ.

ಪಠ್ಯ ಸಮಿತಿಯ ಪಂಡಿತರು ಮಾಡಬಹುದಾದ್ದು ಕಷ್ಟದ್ದೇನಲ್ಲ. ಶಿಷ್ಟ ವಾಕ್ಯದ ಪಕ್ಕದಲ್ಲೇ ಆಡಿದ ವಾಕ್ಯವನ್ನೂ ಅಚ್ಚು ಹಾಕಲಿ. ನಾರಿಚ್ಚಿನ ಕೂಲಿಯವನ ದನಿ, ಹಾರ್ಲೆಮ್ಮಿನ ಹುಡುಗನ ದನಿ, ಬೆಂಗಳೂರಿನ ಕಾಲ್ ಸೆಂಟರಿನ ಹುಡುಗಿಯ ದನಿ, ಮೂರೂ ತರಗತಿಯಲ್ಲಿ ಕೇಳಿಸಲಿ. ಯಾವುದು ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ, ಯಾಕೆ ನಡೆಯಲ್ಲ ಅಂತ ಮಕ್ಕಳ ಹತ್ರ ಬಾಯಿಬಿಟ್ಟು ಹೇಳಲಿ. ಮೊದಲು ಬೇಕಾದರೆ ಕನ್ನಡ ಪಠ್ಯದಲ್ಲೇ ಶುರು ಮಾಡಲಿ: ‘ಅವ್ವ ವಲಕ್ಕೋಗವ್ಳೆ’ ಅಂತ ಮಗು ಹೇಳಿದಾಗ ಮೇಷ್ಟ್ರ ಕೆಂಪು ಶಾಯಿ ಎಲ್ಲಿ ಬೀಳುತ್ತದೆ, ನೋಡೋಣ.